ಚನ್ನಗಿರಿಯ ಕೆಂಪು ಕುಂಡಕ್ಕೆ ನಾನಿಟ್ಟ ಹೆಸರು

ಸಿರಿ, ಅಭಿ, ನಾಲ್ಕು ಜನ ಸೇರಿದಲ್ಲಿ ನಾನು ಬಾಯಿ ಬಿಡುವವಳಲ್ಲ ಎಂಬುದು ನಿಮಗೆ ಗೊತ್ತು. ಒಂದೇ ಒಂದು ಸಲ ಬಿಟ್ಟೆ. ನಿಮ್ಮ ಚನ್ನಗಿರಿ ಅಜ್ಜಿಯ ಬಹುಮಾನ ಹೋಯಿತು!

ಅವರ ಮಹಿಳಾ ಸಂಘದವರು ಹೂಕುಂಡಗಳ ಸ್ಪರ್ಧೆ ಇಟ್ಟಿದ್ದರು. ಹೆಸರು ತಪ್ಪಿದ ಕುಂಡ ಸ್ಪರ್ಧೆಯಿಂದ ಹೊರಗೆ ಎಂಬುದು ನಿಯಮ. ನನ್ನ ಅಕ್ಷರ ದುಂಡಗಿದೆ ಎಂದು ಹೆಸರಿನ ಚೀಟಿ ಬರೆಯಲು ಬೀಗಿತ್ತಿ ನನ್ನನ್ನು ಜಗಳೂರಿನಿಂದ ಕರೆಸಿಕೊಂಡರು.

ಅವರ ಮಹಡಿಯ ಮೇಲೆ ಮೂರು ಕುಂಡ. ಒಂದರಲ್ಲಿ ಕೆಂಪು ಹೂವು, ದುಂಡನೆ ಎಲೆಯ ಮೇಲೆ ಕಂದು ಬಳೆಯಿಟ್ಟಂಥ ಗುರುತು. ಇನ್ನೊಂದು ಬಳ್ಳಿಯಂತೆ ಇಳಿಬಿದ್ದಿತ್ತು. ಮೂರನೆಯದು, ಮುಟ್ಟಿದರೆ ನಿಂಬೆಯಂತೆ ಘಮ್ಮೆನ್ನುವ, ಸೊಳ್ಳೆ ಓಡಿಸುತ್ತದೆಂದು ಮಾರುವ ಸೊಳ್ಳೆ ಗಿಡ. ಅದರ ಮೇಲೇ ಎರಡು ಸೊಳ್ಳೆ ಕೂತಿದ್ದವು. ನರ್ಸರಿಯವರು ಮೂರಕ್ಕೂ ಜೆರೇನಿಯಂ ಎಂದೇ ಚೀಟಿ ಚುಚ್ಚಿ ಕಳಿಸಿದ್ದರು.

“ನೋಡಿ ಬರೀರಿ ಅಕ್ಕಾರೆ. ಹೋದ ಸಲ ಹೆಸರು ತಪ್ಪಿ, ಎದುರು ಮನೆ ಮಲ್ಲಮ್ಮ ಇನ್ನೂ ನಗ್ತಾ ಅದಾಳೆ,” ಎಂದರು ಬೀಗಿತ್ತಿ.

ಹಿಂದಿನ ವಾರವಷ್ಟೇ, ಸಿರಿ, ನೀನು ಮೊಬೈಲಿನಲ್ಲಿ ನನಗೆ ಓದಿ ಹೇಳಿದ್ದೆಯಲ್ಲ! ಅಂಗಡಿಯವರು ಜೆರೇನಿಯಂ ಎಂದು ಮಾರುವುದು ಬಹಳ ಸಲ ಅದರ ದಾಯಾದಿ ಪೆಲಾರ್ಗೋನಿಯಂ ಅಂತೆ. ಐದು ಎಸಳೂ ಒಂದೇ ಥರ ಇದ್ದರೆ ಜೆರೇನಿಯಂ, ಮೇಲಿನ ಎರಡು ಬೇರೆ ಥರ ಕಂಡರೆ ದಾಯಾದಿ. ಆಮೇಲೆ ತೊಟ್ಟಿನ ವಿಷಯ ನೀನು ಏನೋ ಓದುತ್ತಿದ್ದೆ, ಅಷ್ಟರಲ್ಲಿ ಹಾಲು ಉಕ್ಕಿತೆಂದು ನಾನು ಒಳಗೆ ಓಡಿದ್ದೆ.

ಅರ್ಧ ವಿದ್ಯೆ ಸಾಕಾಯಿತು. ಕನ್ನಡಕ ಏರಿಸಿ ಪರಿಶೀಲನಾ ಕಾರ್ಯ ಕೈಗೊಂಡೆ. ಬಳ್ಳಿಯದಕ್ಕೂ ಸೊಳ್ಳೆಯದಕ್ಕೂ ಮೇಲಿನ ಎರಡು ಎಸಳಿನಲ್ಲಿ ಕಪ್ಪು ಗೀರುಗಳಿದ್ದವು. ಅವೆರಡೂ ದಾಯಾದಿ! ಕೆಂಪು ಹೂವಿನ ಐದು ಎಸಳೂ ಒಂದೇ ಅಳತೆ. ಅದಕ್ಕೆ ಬರೀ ಜೆರೇನಿಯಂ ಎಂದು ಬರೆದರೆ ಕಡಿಮೆಯಾದೀತೆಂದು ‘ಅಸಲಿ ಜೆರೇನಿಯಂ’ ಎಂದು ಬರೆದೆ.

ಸಂಜೆ ಸಂಘದ ಹಾಲಿನಲ್ಲಿ ಕುಂಡಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ತೀರ್ಪುಗಾರ ಮೇಡಂ ನಮ್ಮ ಕೆಂಪು ಕುಂಡದ ಮುಂದೆ ಬಹಳ ಹೊತ್ತು ನಿಂತು, ಬೀಗಿತ್ತಿಯ ಬೆನ್ನು ತಟ್ಟಿ ಮುಂದೆ ಹೋದರು. ಚೀಟಿಯನ್ನು ಅವರು ಓದಲೇ ಇಲ್ಲ. ನಾನೂ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

ಆದರೆ ಮೇಜಿನ ಮೇಲೆ ನಾಲ್ಕಾರು ಕೆಂಪು ಹೂ ಉದುರಿದ್ದವು. ನಿಮ್ಮ ತಾತ ಹೋದ ಮೇಲೆ ನಾನು ಹೂ ಮುಡಿಯದಿದ್ದರೂ ಕಟ್ಟುವ ಚಾಳಿ ಬಿಟ್ಟಿಲ್ಲ. ಕೂತಲ್ಲೇ ತೊಟ್ಟನ್ನು ಉಗುರಿನಲ್ಲಿ ಚಿವುಟಿ ಸಮ ಮಾಡತೊಡಗಿದೆ. ಚಿವುಟಿದ ತುದಿಯಲ್ಲಿ ಸೂಜಿಮೊನೆಯಷ್ಟು ತೂತು! ಇನ್ನೊಂದು ಚಿವುಟಿದೆ. ಅಲ್ಲೂ ತೂತು. ಮಲ್ಲಿಗೆ, ಕನಕಾಂಬರ ಎಷ್ಟು ಕಟ್ಟಿದ್ದೇನೋ, ತೊಟ್ಟಿನೊಳಗೆ ಹೀಗೆ ಪಕ್ಕಕ್ಕೊಂದು ಕೊಳವೆ ಕಂಡಿರಲಿಲ್ಲ. ನಾಚಿಕೆ ಎಲ್ಲಿ ಹೋಯಿತೋ, ಎದ್ದು ಹೋಗಿ ಮೇಡಂ ಸೆರಗು ಹಿಡಿದು ಕೇಳಿಯೇಬಿಟ್ಟೆ.

“ಇದೇನ್ರೀ ಮೇಡಂ, ತೊಟ್ಟಿನಾಗೆ ತೂತು ಐತೆ?”

“ಜೇನಿನ ಕೊಳವೆ ಅಮ್ಮ. ನೋಡಿ, ಇದೇ ಗುರುತು. ಎಸಳು ಸಮ ಕಂಡರೂ ಇದು ಪೆಲಾರ್ಗೋನಿಯಮ್ಮೇ. ಜೆರೇನಿಯಮ್ಮಿಗೆ ಈ ಕೊಳವೆ ಇರಲ್ಲ,” ಎಂದು ಮೆಚ್ಚಿಕೊಂಡು ಹೇಳಿದರು. ಆಮೇಲೆ ತಿರುಗಿ ಚೀಟಿ ಓದಿದರು.

ಕುಂಡ ಗೋಡೆ ಬದಿಗೆ ಹೋಯಿತು. ಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಿಮ್ಮ ಚನ್ನಗಿರಿ ಅಜ್ಜಿ ರಾತ್ರಿ ಊಟಕ್ಕೆ ಬಡಿಸಿ ಒಳಗೆ ಹೋಗಿಬಿಟ್ಟರು. ಇನ್ನು ಈ ಮನೆಯ ಹೊಸ್ತಿಲು ತುಳಿದ ಹಾಗೆಯೇ ಎಂದುಕೊಂಡು, ಬೆಳಗ್ಗೆ ತಲೆ ತಗ್ಗಿಸಿ ಬ್ಯಾಗು ಎತ್ತಿಕೊಂಡು ಹೊರಟೆ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿದ, ತೊಡೆಯ ಮೇಲಿನ ಬ್ಯಾಗು ನೋಡಿದ, ನನ್ನ ಮುಖ ನೋಡಿದ.

“ಅಜ್ಜಿ, ಕಾರ್ಡಿನಾಗೆ ಒಂದು ಹೆಸರು ಐತೆ, ಬ್ಯಾಗಿನ ಮ್ಯಾಲೆ ಇನ್ನೊಂದು ಐತೆ. ಯಾವುದು ನಂಬ್ಲಿ?”

ಬಗ್ಗಿ ನೋಡಿದೆ. ಬ್ಯಾಗಿನ ಹಿಡಿಗೆ ‘ಅಸಲಿ ಜೆರೇನಿಯಂ’ ಚೀಟಿ ದಾರದಲ್ಲಿ ಭದ್ರವಾಗಿ ಕಟ್ಟಿತ್ತು. ಒಳಗೆ, ನೆಡಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೆಂಪು ಗಿಡದ ಒಂದು ಕಡ್ಡಿ. ಬೀಗಿತ್ತಿಯದೇ ಕೆಲಸ! ನನಗೆ ನಗು ತಡೆಯಲಾಗಲಿಲ್ಲ.

“ಕಾರ್ಡೇ ನಂಬಪ್ಪ,” ಎಂದೆ. “ಆ ಚೀಟಿ ಬರೆದಾಕಿಗೆ ಏನೂ ಗೊತ್ತಿಲ್ಲ.”