ಫಲಿತಾಂಶ ಒಳಗೆ ಬರಕೂಡದು!

ಬೆಳಿಗ್ಗೆ ಎದ್ದ ಕೂಡಲೇ ನಾನು ಯಾರೊಡನೆಯೂ ಮಾತಾಡುವುದಿಲ್ಲ. ಮುಖ ತೊಳೆದು, ಅಡುಗೆಮನೆಯ ಕಿಟಕಿಯ ಪಕ್ಕ ಮುಕ್ಕಾಲಿಯ ಮೇಲೆ ಕೂತು, ದಿನದ ಮೊದಲ ಮಾತನ್ನು ದೇವರ ಹತ್ತಿರ ಆಡುತ್ತೇನೆ. ಒಲೆ ಹಚ್ಚುವುದೂ ಆಮೇಲೆಯೇ. ಜ್ವರ ಬಂದಾಗಲೂ ತಪ್ಪಿಸಿಲ್ಲ. ಮನೆ ಬದಲಾಯಿಸಿದ ದಿನ ಗಂಟುಮೂಟೆಗಳ ಮೇಲೆ ಕೂತೇ ಮುಗಿಸಿದ್ದೇನೆ.

ಇದು ಯಾರೋ ಕಲಿಸಿಕೊಟ್ಟ ಪ್ರಾರ್ಥನೆಯಲ್ಲ. ಹೊಲಿಗೆಯನ್ನು ಹೇಗೆ ತಪ್ಪಾಗಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಕಲಿತೆನೋ ಇದನ್ನೂ ಹಾಗೆಯೇ ಕಲಿತೆ. ಹೊಲಿಸಿಕೊಳ್ಳಲು ಬರುವವರು ಅಳತೆಯ ಜೊತೆಗೆ ತಮ್ಮ ಕಷ್ಟವನ್ನೂ ಕೊಟ್ಟು ಹೋಗುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ. ಪರಿಹಾರ ನನ್ನ ಹತ್ತಿರ ಎಲ್ಲಿದೆ? ಅದಕ್ಕೇ ಬೆಳಿಗ್ಗೆ ಎಲ್ಲವನ್ನೂ ಮೇಲಿನವನಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತೇನೆ. ಮನಸ್ಸಿನಲ್ಲೇ ಹೇಳಿಕೊಂಡರೆ ನಡುವೆ ಗುಂಡಿ, ಕಾಜ, ಹಾಲಿನ ಪಾತ್ರೆ ಎಲ್ಲ ನುಗ್ಗಿಬರುತ್ತವೆ. ಆದ್ದರಿಂದ ಬಾಯಿಬಿಟ್ಟೇ ಹೇಳುವುದು, ಆದರೆ ಪಿಸುದನಿಯಲ್ಲಿ. ಪಕ್ಕದ ಕೋಣೆಯಲ್ಲಿ ನಮ್ಮವರು ಮಲಗಿರುತ್ತಾರೆ. ನಡುವೆ ಬಾಗಿಲಿಲ್ಲ, ನಾನೇ ಹೊಲಿದ ಒಂದು ಪರದೆ ಇದೆ.

ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಧ್ಯಾಹ್ನ ಹೋದರೆ ಬಸ್ಸುಗಳೆಲ್ಲ ಗೂಡು ಸೇರಿದ ಮೇಲೆಯೇ ಮನೆಗೆ. ಮೊದಲೆಲ್ಲ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದರು. ಆಮೇಲೆ ಮಂಡಿಯ ಆಪರೇಷನ್ ಆಯಿತು. "ಇನ್ನು ಪೆಡಲ್ ತುಳಿಯೋದನ್ನ ಮರೆತುಬಿಡಿ" ಎಂದರು ಡಾಕ್ಟರು. ಅಂದಿನಿಂದ ಸೈಕಲ್ಲು ಮೆಟ್ಟಿಲ ಕೆಳಗೆ ಗೋಡೆಗೊರಗಿ ನಿಂತಿದೆ. ಇವರು ಟೀವಿಯ ಮುಂದೆ ಕುರ್ಚಿಗೊರಗಿ ಕೂತಿದ್ದಾರೆ.

ಟೀವಿಯಲ್ಲಿ ಏನು ಅಂತೀರಾ? ಸೈಕಲ್ ರೇಸ್! ಒಂದು ಸುತ್ತು ಹೊಡೆದು ಮುಗಿಸುವ ರೇಸಲ್ಲ. ವಾರಗಟ್ಟಲೆ, ದಿನಕ್ಕೊಂದು ಹಂತ, ಊರಿಂದ ಊರಿಗೆ, ಬೆಟ್ಟದಿಂದ ಬೆಟ್ಟಕ್ಕೆ. ಎಲ್ಲ ದಿನದ ಸಮಯವನ್ನೂ ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದ. ಇಂಥ ದೊಡ್ಡ ರೇಸುಗಳು ಒಂದು ಋತುವಿಗೆ ಮೂರು. ನೇರ ಪ್ರಸಾರದ ಹೊತ್ತಿಗೆ ಇವರು ಬಸ್ಸಿನ ಹೊಟ್ಟೆಯ ಕೆಳಗೆ ಮಲಗಿರುತ್ತಾರೆ. ಹಾಗಾಗಿ ನಾನು ಮಧ್ಯಾಹ್ನ ರೆಕಾರ್ಡ್ ಮಾಡಿಡಬೇಕು, ಮರುದಿನ ತಿಂಡಿಯ ಹೊತ್ತಿಗೆ ಇವರು ನೋಡಬೇಕು. ಅಷ್ಟರೊಳಗೆ ಯಾರೂ ಫಲಿತಾಂಶ ಹೇಳಬಾರದು. ಇದು ಷರತ್ತು.

ಹೋದ ಋತುವಿನಲ್ಲಿ ಡಿಪೋದ ಸ್ಟೋರ್ ಕೀಪರ್ ಬೆಳ್ಳಂಬೆಳಿಗ್ಗೆ ಫೋನ್ ಮಾಡಿ, "ನಿಮ್ಮ ಉದ್ದಮೂಗ ಮಕಾಡೆ ಮಲಗಿದನಲ್ಲ ಗುರುವೇ!" ಎಂದುಬಿಟ್ಟರು. ಉದ್ದಮೂಗ ಎಂದರೆ ನಮ್ಮವರ ಆರಾಧ್ಯ ಸವಾರ. ಇವರು ಟೀವಿ ಹಾಕಲೇ ಇಲ್ಲ. ಕಪ್ಪು ಪರದೆಯನ್ನೇ ನೋಡುತ್ತ ಕೂತರು.

"ಹೋಗ್ಲಿ ಬಿಡಿ, ಹೇಗೆ ಸೋತ ಅಂತಾದ್ರೂ ನೋಡಿ" ಎಂದೆ.

"ಗೊತ್ತಿಲ್ಲದೆ ನೋಡಿದ್ರೆ ನಾನೂ ಅವರ ಜೊತೆ ತುಳೀತೀನಿ ಕಣೇ. ಗೊತ್ತಾದ ಮೇಲೆ ಬರೀ ನೋಡೋದಷ್ಟೇ."

ಆ ಮಾತು ನನ್ನೊಳಗೆ ಸೂಜಿಯ ಹಾಗೆ ನಾಟಿತು. ಅಂದೇ ಭೀಷ್ಮಪ್ರತಿಜ್ಞೆ ಮಾಡಿದೆ: ಮುಂದಿನ ಋತು ಪೂರ್ತಿ, ಫಲಿತಾಂಶ ಹೊತ್ತ ಒಂದು ನೊಣವೂ ಈ ಮನೆಯ ಹೊಸ್ತಿಲು ದಾಟಕೂಡದು! ನಾನಿದ್ದೇನೆ ಕಾವಲಿಗೆ!

ಋತು ಬಂತು. ಮೊದಲು ಪತ್ರಿಕೆ. ಕ್ರೀಡಾಪುಟದ ಸೈಕಲ್ ಸುದ್ದಿಯನ್ನೆಲ್ಲ ಕತ್ತರಿಯಿಂದ ಚೌಕಾಕಾರ ಕತ್ತರಿಸಿ ತೆಗೆದೆ.

"ಏನೇ ಇದು, ಪೇಪರ್‌ಗೆ ಕಿಟಕಿ ಬಿದ್ದಿದೆ?"

"ಕಾಲರ್‌ಗೆ ಮಾದರಿ ಬೇಕಿತ್ತು ರೀ."

"ದಿನಾ?"

"ದಿನಾ ಒಂದೊಂದು ಕುತ್ತಿಗೆ ಬರುತ್ತೆ!"

ಆಮೇಲೆ ಫೋನು. ಇವರು ಒಳಗೆ ಕಾಲಿಡುತ್ತಿದ್ದ ಹಾಗೆ "ಚಾರ್ಜ್ ಮಾಡ್ತೀನಿ ಕೊಡಿ" ಎಂದು ಕಸಿದು ದಾರದುಂಡೆಗಳ ಡಬ್ಬಿಗೆ ಸೇರಿಸುತ್ತಿದ್ದೆ. ಇನ್ನು ಸ್ಟೋರ್ ಕೀಪರ್. ಡಿಪೋ ಗೇಟಿಗೇ ಹೋಗಿ, "ಅಣ್ಣಾ, ದಮ್ಮಯ್ಯ, ರೇಸಿನ ವಿಷಯ ಇವರ ಹತ್ತಿರ ಎತ್ತಬೇಡಿ" ಎಂದು ಬೇಡಿಕೊಂಡೆ. ಆ ಪುಣ್ಯಾತ್ಮರು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಇವರನ್ನು ಕಂಡ ಕೂಡಲೇ ಟಯರುಗಳ ಹಿಂದೆ ಅಡಗಿಕೊಳ್ಳತೊಡಗಿದರು.

"ಅವನಿಗೆ ನನ್ನ ಮೇಲೆ ಏನೋ ಮುನಿಸು ಕಣೇ. ನಾನೇನು ಮಾಡಿದೆ ಅಂತಾನೇ ತಿಳೀತಿಲ್ಲ" ಎಂದು ಇವರು ಕೊರಗಿದರು. ನಾನು ತಲೆ ತಗ್ಗಿಸಿ ಗುಂಡಿ ಹಾಕಿದೆ.

ಪಕ್ಕದ ಮನೆಯ ಬಡಗಿಗೂ ರೇಸಿನ ಹುಚ್ಚು. ಅವನ ಬಾಯಿಗೆ ಕದವೂ ಇಲ್ಲ, ಚಿಲಕವೂ ಇಲ್ಲ. ಅವನಿಗೂ ಆಣೆ ಹಾಕಿಸಿದೆ. ಇವರು ಎದುರಾದರೆ ಸಾಕು, ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನಮ್ಮವರು ಮರುಕಪಟ್ಟು ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೇ ಬಿಟ್ಟರು! ಪಾಪ, ಬಾಯಿ ಬಿಟ್ಟರೆ ಫಲಿತಾಂಶ ಹೊರಬಿದ್ದೀತೆಂದು ಹೆದರಿ ಅವನು ಕೊನೆಯವರೆಗೂ ಬಾಯಿ ತೆರೆಯಲಿಲ್ಲವಂತೆ. ಡಾಕ್ಟರು ಬೈದು ಕಳಿಸಿದರಂತೆ.

ಈ ನಡುವೆ ನನಗೇ ಒಂದು ಗ್ರಹಚಾರ ಅಂಟಿಕೊಂಡಿತು. ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಲು ಕೂತವಳು ರೇಸನ್ನೇ ನೋಡತೊಡಗಿದೆ. ಯಾವ ಅಂಗಿ ಯಾರದು, ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಗಾಳಿ ಹೇಗೆ ತಪ್ಪುತ್ತದೆ ಎಂಬುದೆಲ್ಲ ತಾನಾಗಿ ತಿಳಿಯಿತು. ನನ್ನ ಕಣ್ಣು ಮಾತ್ರ ಗೆಲ್ಲುವವರ ಮೇಲಿರಲಿಲ್ಲ. ಉದ್ದಮೂಗನ ತಂಡದಲ್ಲೇ ಒಬ್ಬ ಇದ್ದ. ಹಿಂದಿನ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಬಂದು ಎಲ್ಲರಿಗೂ ಹಂಚುವುದು, ಎದುರು ಗಾಳಿಗೆ ಎದೆಯೊಡ್ಡಿ ನಾಯಕನನ್ನು ಕರೆದೊಯ್ಯುವುದು, ಕೊನೆಗೆ ಸುಸ್ತಾಗಿ ಎಲ್ಲರಿಗಿಂತ ಹಿಂದೆ ಬೀಳುವುದು ಅವನ ಕೆಲಸ. ಪಟ್ಟಿಯಲ್ಲಿ ಯಾವಾಗಲೂ ಕಟ್ಟಕಡೆಯ ಹೆಸರು. ಅವನಿಗೆ ಬಾಲಂಗೋಚಿ ಎಂದು ಹೆಸರಿಟ್ಟೆ. ಗೊತ್ತುಮಾಡಿದ ಸಮಯದೊಳಗೆ ಗುರಿ ಮುಟ್ಟದವರನ್ನು ರೇಸಿನಿಂದಲೇ ಹೊರಗೆ ಹಾಕುತ್ತಾರೆಂದು ತಿಳಿದ ದಿನದಿಂದ ನನ್ನ ಬೆಳಗಿನ ಪಟ್ಟಿಗೆ ಅವನೂ ಸೇರಿದ.

ಮರುದಿನ ಇವರ ಪಕ್ಕದಲ್ಲಿ ಕೂತು ಅದನ್ನೇ ಎರಡನೇ ಸಲ, ಏನೂ ಅರಿಯದವಳ ಹಾಗೆ ನೋಡಬೇಕು. ಯಾರು ಬೀಳುತ್ತಾರೆಂದು ಗೊತ್ತು, ಅಯ್ಯೋ ಎನ್ನುವಂತಿಲ್ಲ!

"ಏನೇ, ಸಾವಿನ ಮನೆಗೆ ಬಂದವಳ ಹಾಗೆ ಕೂತಿದ್ದೀಯ?"

"ಹಲ್ಲು ನೋವು ರೀ."

"ನಿನಗೂನಾ? ಈ ಬೀದಿಯ ನೀರೇ ಸರಿಯಿಲ್ಲ."

ಹೀಗೆ ಎರಡು ರೇಸು ದಾಟಿ ಮೂರನೆಯದರ ನಿರ್ಣಾಯಕ ಹಂತಕ್ಕೆ ಬಂದೆವು. ಉದ್ದಮೂಗ ಕೂದಲೆಳೆಯಷ್ಟು ಮುಂದಿದ್ದ. ಉಳಿದದ್ದು ಒಂದೇ ಒಂದು ಮಹಾಬೆಟ್ಟ. ನಾನು ಬಡಗಿಯ ಹೊಸ ಪ್ಯಾಂಟು ಹೊಲಿಯುತ್ತಿದ್ದೆ. ನನ್ನದು ಕಾಲಿನಲ್ಲಿ ತುಳಿಯುವ ಯಂತ್ರ. ಬೆಟ್ಟದ ಬುಡ ಹತ್ತಿರವಾದ ಹಾಗೆ ಅವರೂ ತುಳಿದರು, ನಾನೂ ತುಳಿದೆ. ಅವರ ಚಕ್ರವೋ ನನ್ನ ಚಕ್ರವೋ! ಆ ವೇಗದಲ್ಲಿ ನಮ್ಮ ಬೀದಿಯಲ್ಲಿ ಯಾರೂ ಯಾವತ್ತೂ ಪ್ಯಾಂಟು ಹೊಲಿದಿರಲಿಕ್ಕಿಲ್ಲ.

"ಅಕ್ಕಾ! ಪ್ಯಾಂಟ್ ಆಯ್ತಾ?"

ಬೆನ್ನ ಹಿಂದೆ ಬಡಗಿ! ಬೆಚ್ಚಿಬಿದ್ದು ಎದ್ದೆ. ಎದ್ದವಳ ಜೊತೆ ಪ್ಯಾಂಟೂ ಎದ್ದಿತು, ಪ್ಯಾಂಟಿನ ಜೊತೆ ದಾರ, ದಾರದ ಜೊತೆ ಕತ್ತರಿ, ಡಬ್ಬಿ, ಗುಂಡಿಗಳು. ತಪ್ಪಿಸಿಕೊಳ್ಳಲು ಹಾರಿದವಳ ಕಾಲಿಗೆ ವೈರು ಸಿಕ್ಕಿತು. ಗೋಡೆಯಿಂದ ಪ್ಲಗ್ಗು ಕಿತ್ತು ಬಂತು. ಟೀವಿ ಕತ್ತಲು!

ಬಡಗಿ ಹಾರಿ ಪ್ಲಗ್ಗು ಸಿಕ್ಕಿಸಿದ. ಟೀವಿ ಬಂತು. ಕೆಂಪು ದೀಪ ಬರಲಿಲ್ಲ. ರೆಕಾರ್ಡಿಂಗ್ ಪೆಟ್ಟಿಗೆಯ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದೆ. ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿ ಏನೋ ಆಗಿಹೋಯಿತು. ನಾವಿಬ್ಬರೂ ನೆಲದ ಮೇಲೆ ಚೆಲ್ಲಿದ ಗುಂಡಿಗಳ ನಡುವೆಯೇ ಕೂತು ಕೊನೆಯವರೆಗೂ ನೋಡಿದೆವು. ಎಲ್ಲ ಮುಗಿದ ಮೇಲೆ ಬಡಗಿ ಕಣ್ಣೊರೆಸಿಕೊಂಡು ಪ್ಯಾಂಟನ್ನು ಎತ್ತಿ ಹಿಡಿದ. ಎರಡು ಕಾಲನ್ನೂ ಸೇರಿಸಿ ನಾನು ಒಂದೇ ಮಾಡಿದ್ದೆ.

"ಅಕ್ಕಾ, ನಾಳೆಯಿಂದ ಕುಪ್ಪಳಿಸಿಕೊಂಡು ಕೆಲಸಕ್ಕೆ ಹೋಗ್ಲಾ?"

ನಗಲಿಕ್ಕೂ ಆಗಲಿಲ್ಲ. ಇಡೀ ಋತುವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದು, ಕೊನೆಯ ಬೆಟ್ಟವನ್ನೇ ಕಳೆದುಬಿಟ್ಟಿದ್ದೆ! ಇವರಿಗೆ ಯಾವ ಮುಖ ತೋರಿಸಲಿ?

ಮರುದಿನ ಬೆಳಿಗ್ಗೆ ಮುಕ್ಕಾಲಿಯ ಮೇಲೆ ಕೂತು ಪಿಸುಗುಟ್ಟಿದೆ. "ತಂದೆಯೇ, ಉದ್ದಮೂಗನನ್ನು ಗೆಲ್ಲಿಸಿದೆ, ನಿನಗೆ ಕೋಟಿ ನಮಸ್ಕಾರ. ಬಾಲಂಗೋಚಿಯನ್ನೂ ಸಮಯದೊಳಗೆ ಮುಟ್ಟಿಸಿದೆ, ಅದಕ್ಕೆ ಇನ್ನೊಂದು ಕೋಟಿ. ಪ್ಲಗ್ಗು ಕಿತ್ತುಹೋದದ್ದನ್ನು ಇವರಿಗೆ ಹೇಳಲು ಧೈರ್ಯ ಕೊಡು." ಆಮೇಲೆ ಎಂದಿನಂತೆ ಬೀದಿಯ ರೋಗಿಗಳು, ಹೊಲಿಸಿಕೊಂಡವರ ಕಷ್ಟಗಳು, ಎಲ್ಲಕ್ಕಿಂತ ಕೊನೆಗೆ ಇವರ ಮಂಡಿ.

ತಿಂಡಿಯ ತಟ್ಟೆ ಹಿಡಿದು ಇಬ್ಬರೂ ಕೂತೆವು. ಬೆಟ್ಟದ ಬುಡ ಬಂತು. ಪರದೆ ನೀಲಿಯಾಯಿತು.

"ರೀ... ನನ್ನಿಂದ ಒಂದು ದೊಡ್ಡ ತಪ್ಪಾಗಿದೆ."

"ಪ್ಲಗ್ ಕಿತ್ತುಹೋಯ್ತು ಅಂತ ತಾನೆ?"

ಕೈಯಲ್ಲಿದ್ದ ತಟ್ಟೆ ವಾಲಿತು. "ಯಾರು ಹೇಳಿದ್ರು? ಆ ಬಡಗೀನಾ?"

"ನೀನೇ. ಬೆಳಿಗ್ಗೆ."

"ನಾನು ಹೇಳಿದ್ದು ದೇವರಿಗೆ ರೀ! ಅದೂ ಪಿಸುದನಿಯಲ್ಲಿ!"

"ವರ್ಷಗಟ್ಟಲೆ ಆ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಿನ್ನ ಪಿಸುಮಾತು ನಮ್ಮ ಡಿಪೋ ಮೈಕಿಗೆ ಸಮ ಆಗಿದೆ ಕಣೇ. ದೇವರಿಗೆ ಕೇಳಿಸುತ್ತೋ ಇಲ್ವೋ, ನನಗಂತೂ ಒಂದಕ್ಷರ ಬಿಡದೆ ಕೇಳಿಸುತ್ತೆ."

"ಅಂದ್ರೆ... ಈ ಋತು ಪೂರ್ತಿ..."

"ಪೂರ್ತಿ! 'ಭುಜ ಮುರ್ಕೊಂಡ ಆ ಕೆಂಪಂಗಿ ಹುಡುಗನಿಗೆ ಗುಣ ಮಾಡಪ್ಪಾ' ಅಂತೀಯ. ತಿಂಡಿ ಹೊತ್ತಿಗೆ ಕೆಂಪಂಗಿ ಬಂದ ಕೂಡಲೇ, ಅಯ್ಯೋ ಪಾಪ ಇವತ್ತು ಬೀಳ್ತಾನೆ ಅಂತ ನನಗೆ ಗೊತ್ತಾಗಿಬಿಡುತ್ತೆ."

ಪತ್ರಿಕೆಗೆ ಬಿದ್ದ ಕಿಟಕಿಗಳು, ಟಯರಿನ ಹಿಂದೆ ಅಡಗಿದ ಸ್ಟೋರ್ ಕೀಪರ್, ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆಯದ ಬಡಗಿ, ಎಲ್ಲರೂ ನನ್ನ ಕಣ್ಣ ಮುಂದೆ ಮೆರವಣಿಗೆ ಹೊರಟರು. ಹೊರಗಿನ ನೊಣಗಳನ್ನೆಲ್ಲ ತಡೆದ ಕಾವಲುಗಾರ್ತಿಯೇ ದಿನಾ ಬೆಳಿಗ್ಗೆ ಡಂಗುರ ಸಾರಿದ್ದಾಳೆ!

"ಮೊದಲ ದಿನವೇ ಯಾಕೆ ಹೇಳಲಿಲ್ಲ ನೀವು? ಗೊತ್ತಾದರೆ ಬರೀ ನೋಡೋದಷ್ಟೇ ಅಂದಿದ್ರಲ್ಲ!" ನನಗೆ ಅಳುವೇ ಬಂತು.

ಇವರು ತಟ್ಟೆ ಕೆಳಗಿಟ್ಟರು. "ಮೊದಲ ದಿನ ಹೊಟ್ಟೆ ಉರೀತು. ಎದ್ದು ಬಂದು ಬೈಯೋಣ ಅಂತ ಕಾಲು ಕೆಳಗಿಟ್ಟೆ. ಅಷ್ಟರಲ್ಲಿ ನಿನ್ನ ಪಟ್ಟಿಯ ಕೊನೆಗೆ ನನ್ನ ಮಂಡಿ ಬಂತು. 'ನಾನು ಈ ಯಂತ್ರ ತುಳಿಯೋವಾಗೆಲ್ಲ ಅವರ ಕಾಲು ನೆನಪಾಗುತ್ತೆ, ಅವರು ನಗ್ತಾ ಇರಲಿ' ಅಂದೆ. ಕಾಲು ಮತ್ತೆ ಮೇಲಿಟ್ಟು ಮಲಗಿದೆ. ಬೈದಿದ್ರೆ ನೀನು ಮಾರನೇ ದಿನದಿಂದ ಬಾಯಿ ಮುಚ್ಕೊಂಡು ಪ್ರಾರ್ಥನೆ ಮಾಡ್ತಿದ್ದೆ. ಆಮೇಲೆ ನನಗೆ ಬೆಳಗಾಗೋದು ಹೇಗೆ?"

ನಾನು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡೆ.

"ಅದೂ ಅಲ್ದೆ, ನಾನು ಟೀವಿ ಎಲ್ಲಿ ನೋಡಿದೆ? ನಿನ್ನ ಮುಖ ನೋಡ್ತಿದ್ದೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ನೀನು ಪಡೋ ಪಾಡು ಇದೆಯಲ್ಲ, ಅದಕ್ಕಿಂತ ಕಡಿದಾದ ಬೆಟ್ಟ ಯಾವ ರೇಸಲ್ಲೂ ಇಲ್ಲ!" ಎಂದು ನಕ್ಕು, ನೀಲಿ ಪರದೆಯತ್ತ ಕೈ ತೋರಿಸಿದರು. "ಯಾರು ಗೆದ್ದ ಅಂತ ದೇವರಿಗೆ ಹೇಳಿದೆ. ಹೇಗೆ ಗೆದ್ದ ಅಂತ ಹೇಳಲೇ ಇಲ್ಲ. ಈ ಕೊನೇ ಬೆಟ್ಟ ನೀನೇ ಹತ್ತಿಸು ನನ್ನ."

ಜೀವಮಾನವಿಡೀ ಬೇರೆಯವರ ಮಾತು ಕೇಳಿದವಳು ನಾನು. ಅಂದು ನಾನು ಹೇಳಿದೆ, ಅವರು ಕೇಳಿದರು. ಬೆಟ್ಟದ ಬುಡದಲ್ಲಿ ಉದ್ದಮೂಗನ ಸೈಕಲ್ಲಿನ ಸರಪಳಿ ತುಂಡಾದದ್ದು. ಹಿಂದೆ ಮುಂದೆ ನೋಡದೆ ಬಾಲಂಗೋಚಿ ಇಳಿದು ತನ್ನ ಸೈಕಲ್ಲನ್ನೇ ಕೊಟ್ಟದ್ದು. ತಂಡದ ಕಾರು ನಾಯಕನ ಬೆನ್ನು ಹತ್ತಿ ಹೋಗಿ ಇವನನ್ನು ಮರೆತೇಬಿಟ್ಟದ್ದು. ಆ ಮುರುಕು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇವನು ಬೆಟ್ಟ ನಡೆಯತೊಡಗಿದ್ದು. ಎರಡನೇ ಕಾರು ಬಂದು ಬೇರೆ ಸೈಕಲ್ಲು ಕೊಡುವಷ್ಟರಲ್ಲಿ ಮೇಲೆ ಉದ್ದಮೂಗ ಗೆದ್ದು, ಜನ ಕರಗುತ್ತಿದ್ದದ್ದು. ಗಡುವು ಮುಗಿಯುತ್ತ ಬಂದಾಗ ಖಾಲಿ ರಸ್ತೆಯ ತಿರುವಿನಲ್ಲಿ ಬಾಲಂಗೋಚಿಯ ತಲೆ ಕಂಡದ್ದು, ಗೆದ್ದವನೇ ಗೆರೆಯ ಬಳಿ ಕಾದು ನಿಂತು ಅವನನ್ನು ತಬ್ಬಿ ಹಿಡಿದದ್ದು.

ಹೇಳುತ್ತ ಹೇಳುತ್ತ ಕೆಳಗೆ ನೋಡಿದೆ. ಕುರ್ಚಿಯ ಮುಂದೆ ಇವರ ಪಾದ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ತುಳಿಯುತ್ತಿದ್ದರು! ನನ್ನ ದೇವರೇ, ಕಿತ್ತ ಆ ಪ್ಲಗ್ಗಿಗೂ ಒಂದು ಕೋಟಿ ನಮಸ್ಕಾರ.

ಇವರು ಡಿಪೋಗೆ ಹೊರಡುವ ಮೊದಲೇ ಬಡಗಿ ಪ್ಯಾಂಟಿಗೆ ಬಂದ. ಕಾಲುಗಳನ್ನು ಬಿಡಿಸಿ ಹೊಲಿದು ಇಟ್ಟಿದ್ದೆ. ನಡೆದದ್ದನ್ನು ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮ ಗೋಡೆಗೂ ಕೇಳುತ್ತೆ ಅಕ್ಕಾ. ನನ್ನ ಹೆಂಡತಿ ರೇಸ್ ನೋಡೋದೇ ಇಲ್ಲ, ಬೆಳಿಗ್ಗೆ ನಿಮ್ಮ ಪ್ರಾರ್ಥನೆ ಕೇಳಿಯೇ ಎಲ್ಲ ತಿಳ್ಕೋತಾಳೆ!" ಎಂದವನು ಪರದೆಯನ್ನು ಸರಿಸಿ, ಚೌಕಟ್ಟನ್ನು ಗೇಣು ಹಾಕಿ ಅಳೆದ. "ಮನೇಲಿ ಒಳ್ಳೆ ಹಲಗೆ ಮಿಕ್ಕಿದೆ. ಇಲ್ಲಿಗೊಂದು ದಪ್ಪ ಬಾಗಿಲು ಮಾಡಿ ನಿಲ್ಲಿಸ್ತೀನಿ. ದುಡ್ಡು ಬೇಡ. ಮುಂದಿನ ಋತುವಿಗೆ ಒಂದು ಪಿಸುಮಾತೂ ಆಚೆ ಹೋಗಲ್ಲ."

ಒಳಗೆ ಇವರು ಕೆಮ್ಮಿದ ಸದ್ದು. ಕೇಳಿಸಿಕೊಳ್ಳುತ್ತಿದ್ದಾರೆ!

"ಬೇಡ ಕಣಪ್ಪಾ," ಎಂದು ನಾನು ಪರದೆಯನ್ನು ಮತ್ತೆ ಎಳೆದೆ. "ಆ ಹಲಗೇಲಿ ನಿನ್ನ ಬಾಯಿಗೊಂದು ಕದ ಮಾಡ್ಕೋ. ನಮ್ಮನೆಗೆ ಪರದೆಯೇ ಸಾಕು."