ತೊಳೆದು ಒರಗಿಸಿಟ್ಟ ತಾಟು

ಇನ್ನೊಬ್ಬರ ಮನೆಯ ಮುದುಕರನ್ನು ಯಾರು ನೋಡಿಕೊಳ್ಳಬೇಕು ಎಂದು ಹೇಳುವಷ್ಟು ಸುಖದ ಕೆಲಸ ಈ ಲೋಕದಲ್ಲಿ ಮತ್ತೊಂದಿಲ್ಲ. ಜಮಖಾನೆ ಹಾಸಿ ಕೂಡಿಸುತ್ತಾರೆ, ಚಹಾ ಕೊಡುತ್ತಾರೆ, ಎಲೆ ಅಡಿಕೆ ಮುಂದಿಡುತ್ತಾರೆ. ನಾವು ತಂದೆತಾಯಿ ಎಂದರೆ ದೇವರು ಎಂದು ಹೇಳಿ ಎದ್ದು ಬಂದರಾಯಿತು. ಆ ದೇವರಿಗೆ ಸ್ನಾನ ಮಾಡಿಸುವವರು, ಆ ದೇವರ ಕೌದಿ ಒಗೆಯುವವರು ಬೇರೆ ಇರುತ್ತಾರೆ. ಕುಂದಗೋಳದಲ್ಲಿ ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಕಾರಕೂನನಾಗಿದ್ದ ನನಗೆ ಈ ಕೆಲಸದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಒಳ್ಳೆಯ ಹೆಸರಿತ್ತು. ದಿನಾ ಹತ್ತಿ ತೂಗಿಸುವವನು ನ್ಯಾಯವನ್ನೂ ತೂಗಬಲ್ಲ ಎಂದು ಜನ ಅದು ಹೇಗೋ ನಂಬಿಬಿಟ್ಟಿದ್ದರು. ನನ್ನ ಹೆಂಡತಿ ಶಾಂತವ್ವ ಮಾತ್ರ ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗೊಣಗುತ್ತಿದ್ದಳು. ನನ್ನ ಕೀರ್ತಿ ಅವಳಿಗೆ ಸಹಿಸಲಾಗದು ಎಂದು ನಾನು ಸುಮ್ಮನಿರುತ್ತಿದ್ದೆ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದ ಮರುವರ್ಷ ಯರಗುಪ್ಪಿಯಿಂದ ಕರೆ ಬಂತು. ಅಲ್ಲಿದ್ದವಳು ನನ್ನ ದೊಡ್ಡವ್ವ, ತಾಯಿಯ ಅಕ್ಕ. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳ ಮಕ್ಕಳಾದ ಶಿವಪ್ಪ, ಮಲ್ಲಪ್ಪ ಬೇರೆಯಾಗಿದ್ದರು. ಎತ್ತು ಹಂಚಿಕೊಂಡರು, ಹೊಲ ಹಂಚಿಕೊಂಡರು, ಪಡಸಾಲೆಯ ನಡುವೆ ಗೋಡೆ ಎಬ್ಬಿಸಿದರು. ತಾಯಿಯ ನಡುವೆ ಗೋಡೆ ಎಬ್ಬಿಸಲು ಬಾರದೆ ಪಾಳಿ ಹಚ್ಚಿದರು: ಒಂದು ಅಮಾವಾಸ್ಯೆಯವರೆಗೆ ಅಣ್ಣನ ಮನೆ, ಮುಂದಿನದರವರೆಗೆ ತಮ್ಮನ ಮನೆ. ಇದು ನಮ್ಮ ಕಡೆ ನಡೆದುಬಂದದ್ದೇ, ಯಾರೂ ತಪ್ಪು ಅನ್ನುವುದಿಲ್ಲ. ಆದರೆ ದೊಡ್ಡವ್ವ ಹೋದಲ್ಲೆಲ್ಲ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಸೊಸೆಯರ ತಕರಾರು ಅದು.

ದೊಡ್ಡಪ್ಪ ಹಳೆಯ ಕಾಲದ ಶರಣ ಮನುಷ್ಯ. ಊಟವೆಂದರೆ ಪ್ರಸಾದ, ಒಂದಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು, ತಾಟನ್ನು ಗೋಡೆಗೆ ಒರಗಿಸಿ ಏಳುತ್ತಿದ್ದ. ಅವನು ಸತ್ತ ಮೇಲೂ ದೊಡ್ಡವ್ವ ದಿನಾ ಮಟಮಟ ಮಧ್ಯಾಹ್ನ ಮೂಲೆಯಲ್ಲಿ ಅವನ ತಾಟು ಬಡಿಸಿ ಎದುರಿಗೆ ಕೂಡುತ್ತಿದ್ದಳು. ರೊಟ್ಟಿ ಬಿರುಸಾದವೇನು ಎಂದು ಮೂಲೆಗೆ ಕೇಳುತ್ತಿದ್ದಳು. ಒಬ್ಬ ಮನುಷ್ಯ ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ತಲೆಯಾಡಿಸಿ, ಇನ್ನೊಂದು ಸೌಟು ಬ್ಯಾಳಿ ಹಾಕುತ್ತಿದ್ದಳು. ಇದನ್ನು ನೋಡಿ ಹಿರಿಯ ಸೊಸೆ ತವರಿಗೆ ಹೋದಳು. ಕಿರಿಯವಳಿಗೆ ಜ್ವರ ಬಂತು. ಯಾರ ಮನೆಯಲ್ಲಿ ಇರುತ್ತೀ ಎಂದು ದೊಡ್ಡವ್ವನನ್ನೇ ಕೇಳಿದೆ. ಅವಳ ಮಾತು ಒಂದೇ: 'ಯಾರ ಮನ್ಯಾಗ ಅವರು ಉಣ್ತಾರ, ಆ ಮನ್ಯಾಗ ಇರ್ತೇನಿ.'

ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ಸುಲಭದ ನ್ಯಾಯ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಹಾಗಾದರೆ ದೊಡ್ಡಪ್ಪನೇ ತೀರ್ಮಾನ ಮಾಡಲಿ, ಅವನ ತಾಟು ಎಲ್ಲಿ ತೊಳೆದು ಒರಗಿರುತ್ತದೋ ಅದೇ ನಿನ್ನ ಮನೆ ಎಂದೆ. ಸತ್ತವರು ಉಣ್ಣುವುದಿಲ್ಲ, ಮುದುಕಿಯ ಭ್ರಮೆ ಬಿಡುತ್ತದೆ, ಪಾಳಿ ನಡೆಯುತ್ತದೆ ಎಂಬುದು ನನ್ನ ಲೆಕ್ಕ. ಶಿವಪ್ಪನ ಮನೆಯಲ್ಲಿ ಬಡಿಸಿದ್ದು ಹಾಗೇ ಒಣಗಿತು. ಮಲ್ಲಪ್ಪನ ಮನೆಯಲ್ಲಿ ಬೆಕ್ಕು ಬಾಯಿ ಹಾಕಿತು, ಬೆಕ್ಕೇನು ತಾಟು ತೊಳೆದಿಡುತ್ತದೆಯೇ? ಭ್ರಮೆ ಬಿಡಲಿಲ್ಲ, ಊರಲ್ಲಿ ಸುದ್ದಿ ಮಾತ್ರ ಹಬ್ಬಿತು: ಅಪ್ಪ ಮಕ್ಕಳ ಮನೆಯ ಅನ್ನ ಮುಟ್ಟುತ್ತಿಲ್ಲವಂತೆ. ಮಾನಕ್ಕೆ ಅಂಜಿದ ಶಿವಪ್ಪ ಒಂದು ದಿನ ಯಾರಿಗೂ ಕಾಣದಂತೆ ತಾನೇ ಉಂಡು, ತಾಟು ತೊಳೆದು ಒರಗಿಸಿದ. ದೊಡ್ಡವ್ವ ಬಂದು ನೆಲದ ಮೇಲೆ ಬಿದ್ದಿದ್ದ ಹಸಿಮೆಣಸಿನಕಾಯಿಯ ತುಂಡನ್ನು ಎತ್ತಿಕೊಂಡು, ನಿಮ್ಮಪ್ಪ ಎಂದಾದರೂ ಮೆಣಸಿನಕಾಯಿ ಬಿಟ್ಟಿದ್ದನೇನಲೇ ಎಂದು ಕೇಳಿ ಅಳಲಿಕ್ಕೆ ಕುಳಿತಳು.

ಕೊನೆಗೆ ಅಣ್ಣ ತಮ್ಮ ಒಂದಾದರು. ಗೋಡೆ ಎದ್ದ ಮೇಲೆ ಅವರು ಒಂದಾದದ್ದು ಅದೇ ಮೊದಲು. ಅವ್ವನನ್ನು ಅಣ್ಣಿಗೇರಿ ಕಡೆಯ ಒಂದು ಮಠಕ್ಕೆ ಬಿಟ್ಟು ಬರುವುದೆಂದು ಗೊತ್ತುಮಾಡಿದರು. ಮಠದಲ್ಲಿ ಎರಡು ಹೊತ್ತಿನ ಊಟಕ್ಕೆ ಕಡಿಮೆಯೇನು ಎಂದು ನಾನೂ ತಲೆಯಾಡಿಸಿದೆ. ದೊಡ್ಡವ್ವ ಜಗಳಾಡಲಿಲ್ಲ. ನನ್ನ ಕೈ ಹಿಡಿದುಕೊಂಡು, 'ಅಷ್ಟ ಮಂದಿ ಪಂಕ್ತ್ಯಾಗ ಅವರು ನನ್ನ ಹ್ಯಾಂಗ ಹುಡುಕ್ತಾರೋ ತಮ್ಮಾ?' ಎಂದಳು. ಎಲ್ಲವನ್ನೂ ತೂಗಿ ಹೇಳುವ ನಾನು ಮೆಲ್ಲಗೆ ಕೈ ಬಿಡಿಸಿಕೊಂಡು ಚಪ್ಪಲಿ ಮೆಟ್ಟಿದೆ.

ಮಠಕ್ಕೆ ಹೊರಟ ದಿನ ಶಿವಪ್ಪ ಅವಳನ್ನು ಕರೆದುಕೊಂಡು ಕುಂದಗೋಳಕ್ಕೆ ಬಂದ. ಮುಂದಿನ ಬಸ್ಸಿಗೆ ಹೊತ್ತಿತ್ತು, ನಮ್ಮಲ್ಲೇ ಊಟ. ದೊಡ್ಡವ್ವ ಕೇಳದೆಯೇ ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ತಾಟು ಬಡಿಸಿದಳು. ಪರರ ಮನೆಯೆಂದು ಸಂಕೋಚ ಬೇಡ ಎಂದು ಮೂಲೆಗೆ ಹೇಳಿ, ಗೋಡೆಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಶಿವಪ್ಪ ಹೊರಗೆ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಎರೆಹೊಲದ ಸೀಮೆಯ ಬಿಸಿಲು ನೋಡಿದವರಿಗೆ ಗೊತ್ತು, ಆ ಹೊತ್ತಿಗೆ ಕಾಗೆ ಸಹ ಬಾಯಿ ಬಿಡುವುದಿಲ್ಲ. ಬಾಜು ಮನೆಯ ಟ್ರಾನ್ಸಿಸ್ಟರ್ ಹಾಡುತ್ತಿದ್ದದ್ದು ಗಪ್ಪನೆ ನಿಂತಿತು. ನಾನು ಓಣಿಯ ತುದಿಗೆ ಹೋಗಿ ಎಲೆ ಅಡಿಕೆ ತಂದೆ. ಒಳಗೆ ಕಾಲಿಟ್ಟರೆ ತಾಟು ಗೋಡೆಗೆ ಒರಗಿತ್ತು. ಅದರಿಂದ ನೀರು ಇಳಿದು ನೆಲ ಒದ್ದೆಯಾಗುತ್ತಿತ್ತು. ಮೆಣಸಿನಕಾಯಿಯ ತೊಟ್ಟು ಸಹ ಉಳಿದಿರಲಿಲ್ಲ. ಬಗ್ಗಿ ನೋಡಿದರೆ ತಂಬಿಗೆಯೊಳಗಿನ ನೀರು ಇನ್ನೂ ಅಲುಗುತ್ತಿತ್ತು.

ತಲೆ ಎತ್ತಿದರೆ ಹಿತ್ತಲ ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು, ಕೈತುಂಬ ಪಾತ್ರೆ ತಿಕ್ಕುವ ಬೂದಿ. ತಾಟು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ನಕ್ಕಳು. ಓಹೋ, ಇವಳದೇ ಕೆಲಸ ಎಂದುಕೊಂಡು ಹೋದ ಜೀವ ಬಂದಂತಾಗಿ ನಾನೂ ನಕ್ಕೆ. ದೊಡ್ಡವ್ವ ಕಣ್ಣು ತೆರೆದವಳೇ ಗಂಟು ಬಿಚ್ಚಿ ಸೀರೆಯನ್ನು ನಮ್ಮ ಗೂಟಕ್ಕೆ ಹಾಕಿದಳು. ಶಿವಪ್ಪ ಯರಗುಪ್ಪಿಯ ಬಸ್ಸು ಹಿಡಿಯಲು ಓಡಿದ ಪರಿ ನೋಡಬೇಕಿತ್ತು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿದ.

ಆಮೇಲೆ ದಿನಾ ಅದೇ. ಬಡಿಸಿದ ತಾಟು ಯಾರೂ ನೋಡದ ಒಂದು ಗಳಿಗೆಯಲ್ಲಿ ತೊಳೆದು ಒರಗಿರುತ್ತಿತ್ತು. ಮುದುಕಿಗಾಗಿ ಇಷ್ಟು ಮಾಡುವ ಹೆಂಡತಿಯ ಮೇಲೆ ನನಗೆ ಗೌರವ ಹುಟ್ಟಿ, ಕೇಳದೆಯೇ ಇಳಕಲ್ಲ ಸೀರೆ ತಂದುಕೊಟ್ಟೆ. ಅವಳೂ ನನಗೆ ಗಟ್ಟಿ ಮೊಸರು ತೆಗೆದಿಡತೊಡಗಿದಳು. ದೊಡ್ಡವ್ವ ಮೂರು ವರ್ಷ ನಗುನಗುತ್ತ ಇದ್ದು ನಮ್ಮ ಮನೆಯಲ್ಲೇ ಹೋದಳು. ಮಕ್ಕಳು ಬಂದು ಮಣ್ಣು ಕೊಟ್ಟರು. ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಮನಸ್ಸು ತುಂಬಿ ಬಂದು, ನೀನು ದಿನಾ ಆ ತಾಟು ತೊಳೆದಿಟ್ಟದ್ದನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದೆ.

ಶಾಂತವ್ವ ನನ್ನನ್ನೇ ನೋಡುತ್ತ ನಿಂತಳು. 'ನಾನು? ಅದು ನೀವಲ್ಲೇನ್ರಿ?'

ಇಬ್ಬರೂ ಮೂಲೆಯ ಕಡೆ ನೋಡಿದೆವು.

ಹೆದರಿಕೆ ಅವಳಿಗೆ ಬೇಗ ಇಳಿಯಿತು, ಇಳಿಯದೇ ಇದ್ದದ್ದು ಸಿಟ್ಟು. ಮದುವೆಯಾದಾಗಿನಿಂದ ಉಂಡ ತಾಟು ಎತ್ತಿಡದ ಗಂಡ ಮುದುಕಿಗಾಗಿ ತಾಟು ತೊಳೆಯುತ್ತಾನಲ್ಲ ಎಂದೇ ಅವಳು ನನ್ನನ್ನು ಮೆಚ್ಚಿದ್ದಂತೆ. ಮರುದಿನದಿಂದ ಗಟ್ಟಿ ಮೊಸರು ನಿಂತಿತು. ಸೋತು, ನಾನು ಉಂಡ ತಾಟು ನಾನೇ ತೊಳೆಯುವುದೆಂದು ಒಪ್ಪಿಕೊಂಡೆ. ಹೆಚ್ಚಿನ ದಿನ ತೊಳೆಯುತ್ತೇನೆ ಕೂಡ. ಒಂದೊಂದು ದಿನ ಆಲಸ್ಯ ಮಾಡಿ, ಹಿತ್ತಲಿಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ತಾಟು ಗೋಡೆಗೆ ಒರಗಿರುತ್ತದೆ, ನೀರು ಇಳಿಯುತ್ತಿರುತ್ತದೆ. ಅಡಿಗೆಮನೆಯಿಂದ ಶಾಂತವ್ವ, 'ನೀವೇ ತೊಳದ್ರಿ ಹೌದಲ್ರಿ?' ಎಂದು ಕೇಳುತ್ತಾಳೆ.

ಹೌದು, ನಾನೇ ಎನ್ನುತ್ತೇನೆ.