ಅಧಿಕ ಮಾಸದಲ್ಲಿ ಅಳಿಯನ ಕಂಟೆಂಟ್ ಕ್ಯಾಲೆಂಡರ್

ಆಷಾಢದ ಮೊದಲ ಭಾನುವಾರ, ಬೆಳಗ್ಗೆ ಹತ್ತೂಕಾಲು. ನೆಲಮಂಗಲದ ನಮ್ಮ ಮನೆಯಲ್ಲಿ ಕಾಫಿ ಲೋಟ ಬದಿಗಿಟ್ಟು, ಮಾವನವರ ವ್ಯಾಪಾರವನ್ನು ಉದ್ಧಾರ ಮಾಡಲು ಕೂತೆ.

ಮದುವೆಯಾದ ಮೊದಲ ಆಷಾಢ. ಹೆಂಡತಿ ಸಹನಾ ದೊಡ್ಡಬಳ್ಳಾಪುರದ ತವರಿನಲ್ಲಿದ್ದಳು. ಅತ್ತೆ, ಅಳಿಯ ಒಂದೇ ಹೊಸಿಲು ದಾಟಬಾರದೆಂದು ನಾನು ಅತ್ತ ಹೋಗುವಂತಿರಲಿಲ್ಲ. ಮಾವನವರದು ನಾಲ್ಕು ಮಗ್ಗ. ಪ್ರತಿ ವರ್ಷ ಅವರು ನೇಯ್ದ ಸೀರೆಯೆಲ್ಲ ಪೇಟೆಯ ವ್ಯಾಪಾರಿ ಹೇಳಿದ ಬೆಲೆಗೆ ಹೋಗುತ್ತಿತ್ತು. ಈ ಸಲ ವರಮಹಾಲಕ್ಷ್ಮಿ ಹಬ್ಬದ ಅರವತ್ತು ಸೀರೆಯನ್ನಾದರೂ ತಾವೇ ಮಾರಿ ತೋರಿಸಬೇಕೆಂದು ಸಹನಾ ಮೊಬೈಲಿನಲ್ಲಿ ಅಪ್ಪನ ಹೆಸರಲ್ಲೊಂದು ಪೇಜ್ ತೆರೆದಿದ್ದಳು.

"ದಿನಾ ಏನ್ ಹಾಕೋದು ಅಂತಾನೇ ತಿಳೀತಿಲ್ಲ ಕಣ್ರೀ," ಅಂದಳು ಫೋನಿನಲ್ಲಿ.

"ನಂಗ್ ಬಿಡು. ಕಂಟೆಂಟ್ ಕ್ಯಾಲೆಂಡರ್ ಮಾಡ್ಬಿಡ್ತೀನಿ," ಅಂದೆ.

ದಿನಚರಿ ಬರೆಯುವವನು ನಾನು. ಹಲ್ಲುಜ್ಜುವ ಬ್ರಷ್ ಬದಲಿಸಿದ ತಾರೀಖೂ ನನ್ನಲ್ಲಿ ದಾಖಲಾಗಿದೆ. ಡ್ರಾಯಿಂಗ್ ಶೀಟಿನ ಮೇಲೆ ಚೌಕ ಎಳೆದು, ಯಾವ ದಿನ ಯಾವ ಬಣ್ಣದ ಸೀರೆ, ಯಾವ ದಿನ ಸೆರಗಿನ ಫೋಟೋ ಎಂದು ತುಂಬಿದೆ. ಗೋಡೆ ಕ್ಯಾಲೆಂಡರಿನಲ್ಲಿ ಜಾಗ ಸಾಲದಾಗ ಕೊನೆಯ ಸೋಮವಾರವನ್ನು ಹಿಂದಿನ ಸೋಮವಾರದ ಚೌಕದಲ್ಲೇ ತುರುಕಿರುತ್ತಾರಲ್ಲ, ನಾನೂ ಹಾಗೇ ತುರುಕಿದೆ. ಶ್ರಾವಣ ಶುರುವಾದ ಮೇಲೆ ಎರಡನೇ ಶುಕ್ರವಾರ ಹಬ್ಬ. ಅದರಾಚೆಯ ಆ ತುರುಕಿದ ಸೋಮವಾರಕ್ಕೆ, "ಹಬ್ಬ ಮುಗಿಯಿತು, ಉಳಿದ ಸೀರೆಗಳು ಅರ್ಧ ಬೆಲೆಗೆ." ಎಲ್ಲ ಪೋಸ್ಟುಗಳೂ ಬೆಳಗ್ಗೆ ಏಳಕ್ಕೆ ತಾವಾಗಿಯೇ ಹೋಗುವಂತೆ ಮಾಡಿಟ್ಟು, ನೆಮ್ಮದಿಯಾಗಿ ಮಲಗಿದೆ.

ಆಷಾಢ ಕಳೆಯಿತು. ಸೀರೆ ಮಾರಾಟಕ್ಕೆಂದು ತವರಿನಲ್ಲೇ ಉಳಿದಿದ್ದ ಸಹನಾಳಿಂದ ಒಂದು ಬುಧವಾರ ಫೋನು.

"ರೀ, ನಾಡಿದ್ದೇ ಹಬ್ಬ, ಬೇಗ ಕೊಳ್ಳಿ ಅಂತ ಬಂದಿದೆಯಲ್ಲ, ಯಾವ ಹಬ್ಬ?"

"ವರಮಹಾಲಕ್ಷ್ಮಿ. ಶ್ರಾವಣ ಶುರುವಾಯ್ತಲ್ಲ."

"ಇದು ಅಧಿಕ ಶ್ರಾವಣ ಕಣ್ರೀ. ಇದ್ರಲ್ಲಿ ಹಬ್ಬ ಮಾಡಲ್ಲ. ಇದು ಮುಗಿದ್ಮೇಲೆ ಇನ್ನೊಂದ್ ಶ್ರಾವಣ ಬರತ್ತೆ, ಹಬ್ಬ ಅದ್ರಲ್ಲಿ."

"ಒಂದೇ ವರ್ಷಕ್ಕೆ ಎರಡು ಶ್ರಾವಣವಾ?"

"ಮೂರು ವರ್ಷಕ್ಕೊಂದ್ಸಲ ಹಿಂಗೊಂದು ಜಾಸ್ತಿ ತಿಂಗ್ಳು ಬರತ್ತೆ. ಹೊಸಕೋಟೆಯಿಂದ ಒಬ್ರು ಫೋನ್ ಮಾಡಿ, ನಿಮ್ಮೂರಲ್ಲಿ ಬೇರೆ ಪಂಚಾಂಗನಾ ಅಂತ ಕೇಳಿದ್ರು."

ಇಂಥ ಸಣ್ಣಪುಟ್ಟ ಅಡಚಣೆಗೆಲ್ಲ ವ್ಯವಸ್ಥಿತ ಮನುಷ್ಯ ಹೆದರುವುದಿಲ್ಲ. ಶೀಟು ನೋಡಿಕೊಂಡು, ಉಳಿದ ಎಲ್ಲ ಪೋಸ್ಟುಗಳನ್ನೂ ಒಂದೊಂದು ತಿಂಗಳು ಮುಂದಕ್ಕೆ ತಳ್ಳಿದೆ. ಸ್ವಾತಂತ್ರ್ಯ ದಿನದ ಶುಭಾಶಯ ಸೆಪ್ಟೆಂಬರ್ ಹದಿನೈದಕ್ಕೆ ಹೋಗಿ ಕೂತಿತು. ಅದನ್ನು ಹಿಡಿದು ವಾಪಸ್ ತಂದಾಗ ನನ್ನ ಜಾಗರೂಕತೆಗೆ ನಾನೇ ತಲೆದೂಗಿದೆ.

ಸೋಮವಾರ ಬೆಳಗ್ಗೆ ಏಳೂಹತ್ತು. ಮಾವನವರ ಫೋನು.

"ಅಳಿಯಂದ್ರೇ, ಅರ್ಧ ಬೆಲೆ ಅಂತ ಬರ್ದಿರೋದು ನೀವೇನಾ?"

"ಅದು ಹಬ್ಬ ಆದ್ಮೇಲೆ, ಮಾವ."

"ಹಬ್ಬ ಯಾವಾಗಾಯ್ತು?"

ಶೀಟಿನ ಕಡೆ ನೋಡಿದೆ. ಹಿಂದಿನ ಸೋಮವಾರ ಮುಗಿದಿತ್ತೆಂದು ಆ ಚೌಕಕ್ಕೆ ಟಿಕ್ ಹಾಕಿದ್ದೆ. ಅದರ ಮೂಲೆಯಲ್ಲಿ ತುರುಕಿದ ಸೋಮವಾರವೂ ಟಿಕ್ಕಿನ ಕೆಳಗೇ ಮಲಗಿತ್ತು. ಅದೊಂದನ್ನು ಮುಂದಕ್ಕೆ ತಳ್ಳಿರಲಿಲ್ಲ.

"ಈಗ್ಲೇ ತೆಗೀತೀನಿ ಮಾವ."

"ಆಗ್ಲೇ ಬಾಗಿಲಿಗ್ ಬಂದವ್ರೆ. ನನ್ ಹೆಸರಲ್ಲಿ ಬಂದೈತೆ, ಕೊಡ್ದೆ ಇರಕ್ಕಾಗತ್ತಾ?"

ಮಧ್ಯಾಹ್ನದೊಳಗೆ ಅರವತ್ತೂ ಸೀರೆ ಖಾಲಿ. ಅದರಲ್ಲಿ ಅರ್ಧದಷ್ಟನ್ನು ಅದೇ ವ್ಯಾಪಾರಿ ತನ್ನ ಹೆಂಡತಿಯನ್ನು ಕಳಿಸಿ ಎತ್ತಿಸಿಕೊಂಡಿದ್ದ. ದಿನಚರಿಯಲ್ಲಿ 'ಮಾರಾಟ: ಪೂರ್ಣ' ಎಂದು ಬರೆದೆ. ಪಕ್ಕದಲ್ಲಿ 'ಲಾಭ' ಎಂದು ಬರೆದು, ಮುಂದೇನು ಬರೆಯಬೇಕೆಂದು ತೋಚದೆ ಪೆನ್ನು ಮುಚ್ಚಿದೆ. ಸಹನಾ ಅಂದೇ ಪೇಜಿನ ಪಾಸ್‌ವರ್ಡ್ ಬದಲಿಸಿದಳು.

ಕಡೆಗೊಮ್ಮೆ ನಿಜ ಶ್ರಾವಣ ಬಂತು, ಹಬ್ಬವೂ ಬಂತು. ಆಮೇಲೆ ನೇಯ್ದದ್ದೂ ಎಂದಿನಂತೆ ವ್ಯಾಪಾರಿಗೇ ಹೋಗಿ, ಮಾವನವರ ಮನೆಯಲ್ಲಿ ಒಂದು ಸೀರೆಯೂ ಉಳಿದಿರಲಿಲ್ಲ. ಅತ್ತೆಯವರು ಪೂಜೆಗೆ ಉಡಲು ನಮ್ಮದೇ ಮಗ್ಗದ ಸೀರೆಯನ್ನು ಆ ವ್ಯಾಪಾರಿಯ ಅಂಗಡಿಯಿಂದ ಪೂರ್ತಿ ಬೆಲೆ ಕೊಟ್ಟು ತಂದರು. ಬಿಲ್ಲಿನ ಫೋಟೋ ನನಗೆ ಕಳಿಸಿದರು.

ಹದಿಮೂರು ತಿಂಗಳ ವರ್ಷವನ್ನು ಹನ್ನೆರಡು ಹಾಳೆಯಲ್ಲಿ ಕೂರಿಸುವುದು ಹೇಗೆಂದು ನನಗೆ ಈಗಲೂ ಅರ್ಥವಾಗಿಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಆದರೆ ಸಹನಾಳ ಹೆಸರಿಗೇ ಬರೆಯಿರಿ. ನನ್ನ ಹೆಸರಿಗೆ ಬಂದರೆ ನನ್ನ ಮರುಪತ್ರ ಯಾವ ತಿಂಗಳಲ್ಲಿ ಹೊರಡುತ್ತದೋ ನಾನು ಹೇಳಲಾರೆ.